ಸಾಂಟಿಯಾಗೊದಲ್ಲಿ ಒಂದೇ ದಿನ ಇದೆ, ಲಾ ಮೊನೆದಾ ಅರಮನೆಗೆ ಹೋಗಬಹುದಾ?

ದಾರಿಹೋಕ

ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಕೆಲಸದ ಮೇಲೆ ಚಿಲಿಗೆ ಹೋಗುತ್ತಿದ್ದೇನೆ. ಉತ್ತರದ ಕಡೆ ತಾಮ್ರದ ಗಣಿ ಇರುವ ಊರಲ್ಲಿ ಒಂದು ವಾರ ಕೆಲಸ. ವಾಪಸ್ ಬರುವಾಗ ರಾಜಧಾನಿ ಸಾಂಟಿಯಾಗೊದಲ್ಲಿ ಒಂದು ಪೂರ್ತಿ ದಿನ ಕೈಗೆ ಸಿಗುತ್ತದೆ. ಆ ಖಂಡಕ್ಕೆ ಇದೇ ಮೊದಲು, ಮತ್ತೆ ಯಾವಾಗ ಹೋಗುತ್ತೇನೋ ಗೊತ್ತಿಲ್ಲ, ಅದಕ್ಕೇ ಆ ಒಂದು ದಿನ ಸುಮ್ನೆ ಹಾಳಾಗಬಾರದು ಅಂತ ಕೇಳುತ್ತಿದ್ದೇನೆ.

ಲಾ ಮೊನೆದಾ ಅರಮನೆ ನೋಡಬೇಕು ಅಂತ ತುಂಬಾ ದಿನದ ಆಸೆ. ಅಧ್ಯಕ್ಷರ ಕಚೇರಿ ಈಗಲೂ ಅಲ್ಲೇ ಇದೆ. 1973ರಲ್ಲಿ ಚಿಲಿಯ ವಿಮಾನಗಳೇ ಅದರ ಮೇಲೆ ಬಾಂಬ್ ಹಾಕಿದವು ಅಂತ ಕಾಲೇಜಿನಲ್ಲಿದ್ದಾಗ ಓದಿದ್ದು ಇನ್ನೂ ತಲೆಯಲ್ಲಿ ಉಳಿದಿದೆ. ಆದರೆ ಆಫೀಸಿನಲ್ಲಿ ಹೋಗಿಬಂದವರು "ಹೊರಗಿಂದ ಒಂದು ಫೋಟೊ ತೆಗೆದುಕೊಂಡರೆ ಸಾಕು" ಅನ್ನುತ್ತಾರೆ. ಒಳಗೆ ಬಿಡುತ್ತಾರಾ? ಎಷ್ಟು ಹೊತ್ತು ಬೇಕು? ನನಗೆ ಸ್ಪ್ಯಾನಿಷ್ ಬರುವುದಿಲ್ಲ. ಸಸ್ಯಾಹಾರಿ ಬೇರೆ.

ಹಳೇಪೇಟೆ

ನಾನು 2018ರಲ್ಲಿ ಹೋಗಿದ್ದೆ. ನಿಮ್ಮ ಆಫೀಸಿನವರು ಹೇಳಿದ್ದು ಸರಿ ಅಂತಲೇ ನನಗೂ ಅನ್ನಿಸುತ್ತದೆ. ಎರಡಂತಸ್ತಿನ ಉದ್ದನೆಯ ಬಿಳಿ ಕಟ್ಟಡ, ಮುಂದೆ ಹುಲ್ಲು, ಬಾವುಟ. ಹದಿನೈದು ನಿಮಿಷ ಸಾಕು. ಅಲ್ಲಿಂದ ಸಾನ್ ಕ್ರಿಸ್ಟೋಬಲ್ ಗುಡ್ಡಕ್ಕೆ ಹೋಗಿ, ಮೇಲಿಂದ ಇಡೀ ಊರು ಕಾಣುತ್ತದೆ, ಆಗಸ್ಟ್‌ನಲ್ಲಿ ಆಂಡೀಸ್ ಮೇಲೆ ಹಿಮ ಬಿದ್ದಿರುತ್ತದೆ. ಮಳೆ ಬಂದ ಮಾರನೇ ದಿನವಾದರೆ ಇನ್ನೂ ಚೆನ್ನ, ಗಾಳಿ ತೊಳೆದ ಹಾಗೆ ಇರುತ್ತದೆ.

ತುಂಗಾತೀರ

ಹಳೇಪೇಟೆ ಸರ್, ಗುಡ್ಡದ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಅರಮನೆಯ ಬಗ್ಗೆ ಒಪ್ಪಲಾರೆ. ನಾನು ಸಾಂಟಿಯಾಗೊದಲ್ಲಿ ಐದು ವರ್ಷ ಇದ್ದೆ, ನಮ್ಮ ಮನೆಯಿಂದ ಅದು ಮೆಟ್ರೊದಲ್ಲಿ ನಾಲ್ಕು ಸ್ಟಾಪ್. ಮೊದಲ ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ, ದಿನಾ ಅದರ ಮುಂದೆ ಹಾದು ಹೋದರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಆಮೇಲೆ ಒಂದು ಬಾಗಿಲ ಕಥೆ ಕೇಳಿದೆ. ಅಂದಿನಿಂದ ನಮ್ಮ ಕಡೆಯಿಂದ ಯಾರು ಬಂದರೂ ಮೊದಲು ಕರೆದುಕೊಂಡು ಹೋಗುತ್ತಿದ್ದುದು ಅಲ್ಲಿಗೇ.

ದಾರಿಹೋಕ ಅವರೇ, ಎದುರಿಗೆ ನಿಂತು ಫೋಟೊ ತೆಗೆದುಕೊಳ್ಳಿ, ಬೇಡ ಅನ್ನಲ್ಲ. ಆದರೆ ಉತ್ತರದ ಕಡೆಯಿಂದ ಅರಮನೆಗೆ ಮುಖ ಮಾಡಿ ನಿಂತಾಗ ನಿಮ್ಮ ಎಡಗಡೆಗೆ ಬರುವ ಪಕ್ಕದ ರಸ್ತೆಗೆ ತಿರುಗಿ. ಆ ರಸ್ತೆಯ ಹೆಸರು ಮೊರಾಂದೆ. ಗೋಡೆಯಲ್ಲಿ ಸಾಲಾಗಿ ಕಿಟಕಿಗಳಿವೆ. ಅವುಗಳ ನಡುವೆ ಒಂದು ಮರದ ಬಾಗಿಲು. ನಂಬರ್ 80. ನೋಡಬೇಕಾದ್ದು ಅದು.

1906ರಲ್ಲಿ ಪೆದ್ರೊ ಮಾಂಟ್ ಅಧ್ಯಕ್ಷರಾಗಿದ್ದಾಗ ಆ ಬಾಗಿಲು ಇಟ್ಟರು. ಮುಂಬಾಗಿಲಲ್ಲಿ ಬಂದರೆ ಕಾವಲು ಪಡೆ ಸೆಲ್ಯೂಟ್ ಹೊಡೆಯಬೇಕು, ಮರ್ಯಾದೆ ಕೊಡಬೇಕು, ಎಲ್ಲ ಇರುತ್ತದಲ್ಲ. ಈ ಬಾಗಿಲಲ್ಲಿ ಅದ್ಯಾವುದೂ ಇಲ್ಲ. ಅಧ್ಯಕ್ಷರು ಮಾಮೂಲಿ ಮನುಷ್ಯರ ಹಾಗೆ ರಸ್ತೆಯಿಂದ ಒಳಗೆ ಬರುವುದಕ್ಕೆ, ಹೊರಗೆ ಹೋಗುವುದಕ್ಕೆ ಅಂತ ಇಟ್ಟದ್ದು. ಚಿಲಿಯವರಿಗೆ ಅದೊಂದು ಹೆಮ್ಮೆಯ ವಿಷಯ ಆಗಿತ್ತು.

1973ರ ಸೆಪ್ಟೆಂಬರ್ 11, ಮಂಗಳವಾರ. ಬೆಳಿಗ್ಗೆಯೇ ಸೈನ್ಯ ದಂಗೆ ಎದ್ದಿತು. ಅಧ್ಯಕ್ಷ ಸಾಲ್ವಡಾರ್ ಅಯೆಂದೆ ಏಳೂವರೆ ಹೊತ್ತಿಗೆ ಅರಮನೆಗೆ ಬಂದರು. ದೇಶ ಬಿಟ್ಟು ಹೋಗುವುದಕ್ಕೆ ವಿಮಾನ ಕೊಡುತ್ತೇವೆ ಅಂದರೂ ಒಪ್ಪಲಿಲ್ಲ. ಒಂದೊಂದೇ ರೇಡಿಯೊ ಕೇಂದ್ರ ಬಾಯಿ ಮುಚ್ಚುತ್ತಾ ಬಂದಾಗ, ಕೊನೆಗೆ ಉಳಿದ ರೇಡಿಯೊ ಮಗಾಯಾನೆಸ್ ಮೂಲಕ ಜನರಿಗೆ ವಿದಾಯದ ಮಾತು ಹೇಳಿದರು. ಇಂದಲ್ಲ ನಾಳೆ ಆ ದೊಡ್ಡ ಸಾಲುಮರದ ದಾರಿಗಳು ಮತ್ತೆ ತೆರೆಯುತ್ತವೆ, ಸ್ವತಂತ್ರ ಮನುಷ್ಯ ಅಲ್ಲಿ ನಡೆದು ಬರುತ್ತಾನೆ ಅನ್ನುವ ಅರ್ಥದ ಮಾತು ಅದರಲ್ಲಿದೆ. ಅರಮನೆಯ ದಕ್ಷಿಣಕ್ಕಿರುವ ದೊಡ್ಡ ರಸ್ತೆಯನ್ನು ಊರಿನವರು ಕರೆಯುವುದೇ ಅಲಮೆದಾ ಅಂತ, ಅಂದರೆ ಸಾಲುಮರದ ದಾರಿ. ನೀವು ಮೆಟ್ರೊ ಇಳಿದು ಮೇಲೆ ಬರುವುದು ಅದೇ ರಸ್ತೆಗೆ.

ಮಧ್ಯಾಹ್ನ ಹನ್ನೆರಡಕ್ಕೆ ಸ್ವಲ್ಪ ಮುಂಚೆ ವಿಮಾನಗಳು ಬಂದವು. ಅರಮನೆ ಹೊತ್ತಿ ಉರಿಯಿತು. ಚಿಲಿಯ ಸ್ವಾತಂತ್ರ್ಯ ಘೋಷಣೆಯ ಮೂಲ ಪ್ರತಿ ಅಲ್ಲೇ ಇತ್ತು, 1818ರದ್ದು, ಅದೂ ಆ ದಿನವೇ ಹೋಯಿತು. ಅಯೆಂದೆ ಒಳಗೇ ಪ್ರಾಣ ಬಿಟ್ಟರು. ಅವರ ದೇಹವನ್ನು ಹೊರಗೆ ತಂದದ್ದು ಮೊರಾಂದೆ 80ರ ಬಾಗಿಲಿಂದ.

ಆಮೇಲೆ ಏನಾಯಿತು ಅಂದರೆ, ದಂಗೆ ಎದ್ದ ಸೈನ್ಯದ ಮುಖ್ಯಸ್ಥ ಪಿನೊಚೆ ಆಳ್ವಿಕೆಯಲ್ಲಿ ಅರಮನೆ ರಿಪೇರಿ ಮಾಡಿದರು. 1981ರ ಮಾರ್ಚ್‌ನಲ್ಲಿ ಅದು ಮತ್ತೆ ಬಳಕೆಗೆ ಬಂತು. ಎಲ್ಲ ಮೊದಲಿನ ಹಾಗೇ ಕಟ್ಟಿದರು. ಆ ಬಾಗಿಲು ಮಾತ್ರ ಇಡಲಿಲ್ಲ. ಗೋಡೆ ಎಬ್ಬಿಸಿಬಿಟ್ಟರು, ಅಲ್ಲಿ ಬಾಗಿಲೇ ಇರಲಿಲ್ಲ ಅನ್ನುವ ಹಾಗೆ.

1990ರಲ್ಲಿ ಪ್ರಜಾಪ್ರಭುತ್ವ ವಾಪಸ್ ಬಂತು. ಆದರೂ ಆ ಬಾಗಿಲು ತೆರೆಯುವುದಕ್ಕೆ ಇನ್ನೂ ಹದಿಮೂರು ವರ್ಷ ಬೇಕಾಯಿತು. 2003ರ ಸೆಪ್ಟೆಂಬರ್ 11ಕ್ಕೆ, ದಂಗೆಯಾಗಿ ಸರಿಯಾಗಿ 30 ವರ್ಷಕ್ಕೆ, ಅಧ್ಯಕ್ಷ ರಿಕಾರ್ಡೊ ಲಾಗೋಸ್ ಅದೇ ಜಾಗದಲ್ಲಿ ಮತ್ತೆ ಬಾಗಿಲು ಇಡಿಸಿ ತೆರೆದರು. ಈಗ ಪ್ರತಿ ವರ್ಷ ಆ ದಿನ ಜನ ಅಲ್ಲಿಗೆ ಬಂದು ಕೆಂಪು ಕಾರ್ನೇಶನ್ ಹೂ ಇಟ್ಟು ಹೋಗುತ್ತಾರೆ.

ಇದು ಗೊತ್ತಿದ್ದು ಆ ಗೋಡೆ ನೋಡುವುದು ಬೇರೆ, ಗೊತ್ತಿಲ್ಲದೆ ನೋಡುವುದು ಬೇರೆ. ದಯವಿಟ್ಟು ಹದಿನೈದು ನಿಮಿಷದಲ್ಲಿ ಮುಗಿಸಬೇಡಿ.

ದಾರಿಹೋಕ

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಬಾಗಿಲನ್ನು ಗೋಡೆ ಮಾಡಿದ್ದು ಗೊತ್ತೇ ಇರಲಿಲ್ಲ. ಹಾಗಾದರೆ ಒಳಗೆ ಹೋಗುವುದು ಹೇಗೆ, ದಯವಿಟ್ಟು ಹೇಳಿ. ಟಿಕೆಟ್ ಇದೆಯಾ?

ತುಂಗಾತೀರ

ಟಿಕೆಟ್ ಇಲ್ಲ, ಉಚಿತ. ಆದರೆ ಮುಂಚೆಯೇ ಹೆಸರು ಕೊಟ್ಟು ದಿನ ಗೊತ್ತು ಮಾಡಿಕೊಳ್ಳಬೇಕು, ಸರ್ಕಾರದ ವೆಬ್‌ಸೈಟ್‌ನಲ್ಲಿ. ಇವತ್ತೇ ಮಾಡಿ, ಹೋಗುವ ವಾರದಲ್ಲಿ ನೋಡಿದರೆ ಜಾಗ ಸಿಗುವುದಿಲ್ಲ. ನಮ್ಮ ಭಾವನವರು ಬಂದಾಗ ನಾನು ಇದನ್ನೇ ತಪ್ಪು ಮಾಡಿದ್ದೆ, ಹೇಗೂ ಬಿಡುತ್ತಾರೆ ಅಂತ ಹಾಗೇ ಕರೆದುಕೊಂಡು ಹೋದೆ. ಬಾಗಿಲಲ್ಲೇ ವಾಪಸ್ ಕಳಿಸಿದರು. ಅವರು ಒಂದು ಮಾತೂ ಆಡಲಿಲ್ಲ, ಆದರೆ ಇವತ್ತಿಗೂ ನನಗೆ ಆ ಬೇಜಾರು ಹೋಗಿಲ್ಲ.

ಪಾಸ್‌ಪೋರ್ಟ್ ಮೂಲ ಪ್ರತಿ ಕೈಯಲ್ಲಿರಲಿ, ಝೆರಾಕ್ಸ್ ನಡೆಯುವುದಿಲ್ಲ. ದೊಡ್ಡ ಬ್ಯಾಗ್ ಬೇಡ. ಗೈಡ್ ಜೊತೆಗೇ ಹೋಗಬೇಕು, ಮುಕ್ಕಾಲು ಗಂಟೆ ಅಂತಿಟ್ಟುಕೊಳ್ಳಿ. ಇಂಗ್ಲಿಷ್‌ನಲ್ಲಿ ಬೇಕು ಅಂತ ಹೆಸರು ಕೊಡುವಾಗಲೇ ಬರೆಯಿರಿ. ಅದು ಕೆಲಸ ನಡೆಯುವ ಕಚೇರಿ, ಆದ್ದರಿಂದ ಯಾವುದಾದರೂ ದೇಶದ ನಾಯಕರು ಬಂದರೆ ಅಥವಾ ಹೊರಗೆ ಮೆರವಣಿಗೆ ಇದ್ದರೆ ಕೊನೆ ಗಳಿಗೆಯಲ್ಲಿ ರದ್ದಾಗುತ್ತದೆ. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ.

ಒಳಗೆ ಎರಡು ಅಂಗಳ ತಪ್ಪದೆ ತೋರಿಸುತ್ತಾರೆ. ಮುಂದಿನದು ಫಿರಂಗಿಗಳ ಅಂಗಳ. ಅಲ್ಲಿ ಎರಡು ಹಳೇ ಫಿರಂಗಿ ಇವೆ, ಲಿಮಾದಲ್ಲಿ ಎರಕ ಹೊಯ್ದದ್ದು. ಒಂದರ ಹೆಸರು ರೋಷಾವೇಶದವ ಅಂತ, ಇನ್ನೊಂದು ಮಿಂಚು. ಹಿಂದಿನದು ಕಿತ್ತಳೆ ಮರಗಳ ಅಂಗಳ, ನಡುವೆ ಕಾರಂಜಿ. ನೀವು ಹೋಗುವುದು ಆಗಸ್ಟ್, ಅಲ್ಲಿ ಚಳಿಗಾಲ, ಮರದಲ್ಲಿ ಹಣ್ಣು ಇರುತ್ತದೆ. ಹೊರಗಡೆ ವಾಹನಗಳ ಗದ್ದಲ, ಒಳಗೆ ಆ ಅಂಗಳದಲ್ಲಿ ನಿಂತರೆ ಕಾರಂಜಿಯ ನೀರಿನ ಸದ್ದು ಮಾತ್ರ. ನನಗೆ ಆ ಅರಮನೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಅದು.

ಗುಬ್ಬಿಗೂಡು

ನಾನು ಕಟ್ಟಡಗಳ ಕೆಲಸದವಳು, ಹಾಗಾಗಿ ನನ್ನ ಕಣ್ಣು ಗೋಡೆಗೇ ಹೋಗುತ್ತದೆ. ಎರಡಂತಸ್ತಿನ ಬಿಳಿ ಕಟ್ಟಡ ಅಂತ ತಳ್ಳಿಹಾಕಿದ್ದು ನೋಡಿ ಬರೆಯಲೇಬೇಕು ಅನ್ನಿಸಿತು.

ಲಾ ಮೊನೆದಾ ಅಂದರೆ ನಾಣ್ಯ. ಅದನ್ನು ಅರಮನೆಯಾಗಿ ಕಟ್ಟಲೇ ಇಲ್ಲ. ಸ್ಪೇನಿನ ಆಳ್ವಿಕೆಯಲ್ಲಿ ಟಂಕಸಾಲೆಯಾಗಿ ಕಟ್ಟಿದ್ದು. ರೋಮ್‌ನಿಂದ ಬಂದ ಹ್ವಾಕಿನ್ ತೊಯೆಸ್ಕಾ ಅನ್ನುವ ವಾಸ್ತುಶಿಲ್ಪಿ ಅದರ ನಕ್ಷೆ ಮಾಡಿದವರು. ಮೊದಲು ಮಾಪೊಚೊ ಹೊಳೆಯ ಹತ್ತಿರ ಜಾಗ ನೋಡಿದ್ದರು, ಅಲ್ಲಿ ನೆಲ ತೇವ, ಹಾಗಾಗಿ ಈಗಿನ ಜಾಗಕ್ಕೆ ಬಂದರು. 1784ರಲ್ಲಿ ಕೆಲಸ ಶುರುವಾಯಿತು, 1805ರಲ್ಲಿ ತೆರೆಯಿತು. ತೊಯೆಸ್ಕಾ 1799ರಲ್ಲೇ ತೀರಿಕೊಂಡರು. ತಮ್ಮ ಜೀವನದ ದೊಡ್ಡ ಕೆಲಸ ಮುಗಿದದ್ದನ್ನು ಅವರು ನೋಡಲಿಲ್ಲ.

ಸಾಮಾನು ಎಲ್ಲೆಲ್ಲಿಂದ ಬಂತು ನೋಡಿ. ಸುಣ್ಣ ಪೊಲ್‌ಪೈಕೊ ಎಸ್ಟೇಟಿನಿಂದ, ಮರಳು ಮೈಪೊ ಹೊಳೆಯಿಂದ, ಕಲ್ಲು ಹಳೇಪೇಟೆ ಸರ್ ಹೇಳಿದ ಅದೇ ಸಾನ್ ಕ್ರಿಸ್ಟೋಬಲ್ ಗುಡ್ಡದ ಕ್ವಾರಿಯಿಂದ. ಮರ ದಕ್ಷಿಣದ ವಾಲ್ದಿವಿಯಾದಿಂದ, ಕಬ್ಬಿಣದ ಕೆಲಸ ಸ್ಪೇನಿನ ವಿಸ್ಕಾಯಾದಿಂದ. ಇಟ್ಟಿಗೆ ಮಾತ್ರ ಊರಲ್ಲೇ ಸುಟ್ಟದ್ದು, ಅದರಲ್ಲೂ ಇಪ್ಪತ್ತು ಬಗೆ. ಮೂಲೆಗೆ ಒಂದು, ಬಾಗಿಲ ಮೇಲಿನ ಪಟ್ಟಿಗೆ ಒಂದು, ನೆಲಕ್ಕೆ ಇನ್ನೊಂದು. ಗೋಡೆ ಒಂದು ಮೀಟರ್‌ಗಿಂತ ಜಾಸ್ತಿ ದಪ್ಪ. ಕಿಟಕಿಯ ಹತ್ತಿರ ನಿಂತಾಗ ಗೋಡೆಯ ದಪ್ಪ ಎಷ್ಟು ಅಂತ ಕೈ ಚಾಚಿ ನೋಡಿ, ನಿಮ್ಮ ತೋಳಿಗಿಂತ ಉದ್ದ.

ಚಿಲಿ ಅಂದರೆ ಭೂಕಂಪದ ನಾಡು. ಅಲ್ಲಿ ಇನ್ನೂರು ವರ್ಷಕ್ಕೂ ಮೀರಿ ಒಂದು ಇಟ್ಟಿಗೆ ಕಟ್ಟಡ ನಿಂತಿದೆ ಅಂದರೆ ಸಣ್ಣ ಮಾತಲ್ಲ. ಎತ್ತರ ಕಟ್ಟದೆ ಅಗಲಕ್ಕೆ ಕಟ್ಟಿದ್ದರಲ್ಲೇ ಅದರ ಗಟ್ಟಿತನ ಇದೆ. ಎದುರಿಗೆ ನಿಂತಾಗ ಸಪ್ಪೆ ಅನ್ನಿಸಬಹುದು. ಕಿಟಕಿಗಳ ಅಂತರ, ಕಂಬಗಳ ಸಾಲು, ಮೇಲಿನ ಕಟಾಂಜನ ಇಷ್ಟನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನಡೆಯುತ್ತಾ ನೋಡಿ, ಆಗ ತೊಯೆಸ್ಕಾ ಏನು ಮಾಡಿದ್ದಾರೆ ಅಂತ ತಿಳಿಯುತ್ತದೆ.

1845ರಲ್ಲಿ ಅಧ್ಯಕ್ಷ ಮನುವೆಲ್ ಬುಲ್ನೆಸ್ ಸರ್ಕಾರವನ್ನೂ ಮನೆಯನ್ನೂ ಅಲ್ಲಿಗೆ ತಂದರು. ಆದರೂ ನಾಣ್ಯ ಹೊಡೆಯುವುದು ನಿಲ್ಲಲಿಲ್ಲ, 1929ರ ತನಕ ನಡೆಯಿತು. ಅಂದರೆ ಎಂಬತ್ತು ವರ್ಷಕ್ಕೂ ಮೀರಿ ಒಂದೇ ಸೂರಿನ ಕೆಳಗೆ ಒಂದು ಕಡೆ ರಾಜ್ಯಭಾರ, ಇನ್ನೊಂದು ಕಡೆ ನಾಣ್ಯದ ಅಚ್ಚು. ಅಧ್ಯಕ್ಷರು ಅಲ್ಲೇ ವಾಸ ಮಾಡುವುದು 1958ಕ್ಕೆ ನಿಂತಿತು.

ಕೆಂಪುಮಣ್ಣು

ವಿಮಾನದ ಮಾತು ಬಂತಲ್ಲ, ಅದು ಹಾಕರ್ ಹಂಟರ್. ಬ್ರಿಟನ್ನಿನಲ್ಲಿ ಮಾಡಿದ ವಿಮಾನ. ನಮ್ಮ ವಾಯುಪಡೆಯಲ್ಲೂ ಇತ್ತು. 1971ರಲ್ಲಿ ಲೋಂಗೆವಾಲಾದಲ್ಲಿ ಪಾಕಿಸ್ತಾನದ ಟ್ಯಾಂಕ್‌ಗಳನ್ನು ನಿಲ್ಲಿಸಿದ್ದು ಜೈಸಲ್ಮೇರ್‌ನಿಂದ ಹಾರಿದ ಹಂಟರ್‌ಗಳೇ. ನಮ್ಮ ಚಿಕ್ಕಪ್ಪ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದವರು, ಆ ವಿಮಾನ ಅಂದರೆ ಅವರಿಗೆ ಪ್ರಾಣ. ಅದಾಗಿ ಎರಡೇ ವರ್ಷಕ್ಕೆ ಅದೇ ವಿಮಾನ ಇನ್ನೊಂದು ದೇಶದಲ್ಲಿ ತನ್ನದೇ ರಾಜಧಾನಿಯ ನಡುವೆ ರಾಕೆಟ್ ಹೊಡೆಯಿತು ಅಂತ ಅವರಿಗೆ ಹೇಳಿದಾಗ ನಂಬಲಿಲ್ಲ. ಫೋಟೊ ತೋರಿಸಿದೆ. ತುಂಬಾ ಹೊತ್ತು ನೋಡಿದರು.

ಹಳೇಪೇಟೆ

ತುಂಗಾತೀರ ಅವರೇ, ಚೆನ್ನಾಗಿ ಬರೆದಿದ್ದೀರಿ, ಬಾಗಿಲ ವಿಷಯ ನನಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಇನ್ನೊಂದು ಕಡೆಯನ್ನೂ ಹೇಳಬೇಕಲ್ವಾ. ಅಯೆಂದೆ ಕಾಲದಲ್ಲಿ ಅಂಗಡಿಯಲ್ಲಿ ಸಾಮಾನು ಸಿಗುತ್ತಿರಲಿಲ್ಲ, ಬೆಲೆ ಕೈಗೆ ಸಿಗದಷ್ಟು ಏರಿತ್ತು, ಲಾರಿಯವರ ಮುಷ್ಕರ, ಸಾಲುಗಟ್ಟಿ ನಿಲ್ಲಬೇಕಿತ್ತು. 1970ರಲ್ಲಿ ಅವರಿಗೆ ಬಂದ ವೋಟು ಶೇಕಡಾ 36ರ ಆಸುಪಾಸು. ದೇಶದಲ್ಲಿ ಅರ್ಧ ಜನ ಅವರ ವಿರುದ್ಧ ಇದ್ದರು. ಅವರನ್ನು ದೇವರು ಮಾಡುವುದು ಬೇಡ.

ತುಂಗಾತೀರ

ಸರ್, ದೇವರು ಮಾಡಿಲ್ಲ, ಮಾಡುವುದೂ ಇಲ್ಲ. ನೀವು ಹೇಳಿದ್ದೆಲ್ಲ ನಿಜ. ಹಾಗೇ ಅಮೆರಿಕದ ನಿಕ್ಸನ್ ಸರ್ಕಾರ ಅವರು ಅಧಿಕಾರಕ್ಕೆ ಬರದ ಹಾಗೆ ತಡೆಯಲು ನೋಡಿತು, ಬಂದ ಮೇಲೆ ಸಾಲ ನಿಲ್ಲಿಸಿತು, ವಿರೋಧಿಗಳಿಗೆ ಹಣ ಕೊಟ್ಟಿತು ಅನ್ನುವುದೂ ಆ ದೇಶದ ದಾಖಲೆಗಳಲ್ಲೇ ಇದೆ. ಎರಡೂ ಸೇರಿಯೇ ಆ ಕಾಲ.

ನಾವಿದ್ದ ಮನೆಯ ಯಜಮಾನಿಗೆ ಆಗ ಅರವತ್ತು ದಾಟಿತ್ತು. ದಂಗೆಯಾದಾಗ ಇನ್ನೂ ಹುಡುಗಿ. ಅವರ ಮನೆಯಲ್ಲಿ ಸಕ್ಕರೆಗೆ ಬೆಳಗಿನ ಜಾವ ಸಾಲಿನಲ್ಲಿ ನಿಂತದ್ದು ಅವರಿಗೆ ನೆನಪಿದೆ. ಸೈನ್ಯ ಬಂದ ದಿನ ಅವರ ತಂದೆ ಸಂತೋಷಪಟ್ಟಿದ್ದರಂತೆ. ಎರಡು ತಿಂಗಳು ಕಳೆದ ಮೇಲೆ ತಾಯಿಯ ಅಣ್ಣನ ಮಗನನ್ನು ಹಿಡಿದುಕೊಂಡು ಹೋದರು, ಆಮೇಲೆ ಅವನ ಸುದ್ದಿ ಇಲ್ಲ. ಅವತ್ತಿನಿಂದ ಭಾನುವಾರದ ಊಟಕ್ಕೆ ಎರಡು ಮನೆಯವರು ಒಟ್ಟಿಗೆ ಕೂರುವುದು ನಿಂತಿತು. "ನಮ್ಮಪ್ಪ ಸಾಯುವ ತನಕ ಆ ಮಾತು ಎತ್ತಲಿಲ್ಲ, ಆದರೆ ಅವನ ಫೋಟೊ ಅವರ ಪರ್ಸಿನಲ್ಲಿತ್ತು" ಅಂತ ಅವರು ನನಗೆ ಹೇಳಿದ್ದು ಅಡುಗೆಮನೆಯಲ್ಲಿ, ಟೊಮೆಟೊ ಹೆಚ್ಚುತ್ತಾ. ಚಾಕು ನಿಲ್ಲಿಸಲಿಲ್ಲ, ತಲೆ ಎತ್ತಲೂ ಇಲ್ಲ.

ಆ ಸರ್ವಾಧಿಕಾರದ ಹದಿನೇಳು ವರ್ಷದಲ್ಲಿ ಸತ್ತವರು, ಕಾಣೆಯಾದವರು 3,000ಕ್ಕೂ ಜಾಸ್ತಿ, ಸರ್ಕಾರವೇ ನೇಮಿಸಿದ ಆಯೋಗಗಳು ಒಪ್ಪಿದ ಲೆಕ್ಕ ಅದು. ಒಬ್ಬ ಅಧ್ಯಕ್ಷ ಸರಿ ಇಲ್ಲ ಅಂದರೆ ವೋಟು ಹಾಕಿ ಇಳಿಸಬಹುದು. ಅರಮನೆಗೆ ಬಾಂಬ್ ಹಾಕಿದರೆ ವೋಟೇ ಹೋಗುತ್ತದೆ. ನಾನು ಹೇಳುವುದು ಇಷ್ಟೇ, ಇದರಲ್ಲಿ ನನಗೆ ಎರಡನೇ ಯೋಚನೆ ಇಲ್ಲ.

ಹಳೇಪೇಟೆ

ಈ ಮಾತಿಗೆ ನಾನೂ ಒಪ್ಪುತ್ತೇನೆ. ಫೋಟೊ ವಿಷಯ ಓದಿ ಬೇಸರವಾಯಿತು. ಒಂದು ಕೇಳುತ್ತೇನೆ, ಅಯೆಂದೆಯನ್ನು ಸೈನಿಕರೇ ಕೊಂದರು ಅಂತ ನಾನು ಕೇಳಿದ್ದು. ನೀವು "ಪ್ರಾಣ ಬಿಟ್ಟರು" ಅಂತ ಬರೆದಿದ್ದೀರಿ.

ತುಂಗಾತೀರ

ತುಂಬಾ ವರ್ಷ ಆ ವಾದ ಇತ್ತು ಸರ್. 2011ರಲ್ಲಿ ಕೋರ್ಟ್ ಆದೇಶದ ಮೇಲೆ ಸಮಾಧಿಯಿಂದ ದೇಹ ತೆಗೆದು ಪರೀಕ್ಷೆ ಮಾಡಿದರು. ತಾವೇ ಗುಂಡು ಹಾರಿಸಿಕೊಂಡದ್ದು ಅಂತ ತಜ್ಞರು ಹೇಳಿದರು, ಮನೆಯವರೂ ಅದನ್ನೇ ಮೊದಲಿಂದ ನಂಬಿದ್ದರು. 1973ರಲ್ಲಿ ಅವರನ್ನು ವಿನ್ಯಾ ದೆಲ್ ಮಾರ್ ಊರಲ್ಲಿ ಹೆಸರೂ ಬರೆಯದೆ ಮಣ್ಣು ಮಾಡಿದ್ದರು. 1990ರ ಸೆಪ್ಟೆಂಬರ್‌ನಲ್ಲಿ ಸಾಂಟಿಯಾಗೊಗೆ ತಂದು ಸರ್ಕಾರಿ ಮರ್ಯಾದೆಯೊಂದಿಗೆ ಮತ್ತೆ ಅಂತ್ಯಕ್ರಿಯೆ ಮಾಡಿದರು.

ಅಡಿಕೆಸಿಪ್ಪೆ

ದಾರಿಹೋಕರಿಗೆ ನನ್ನ ಕಡೆಯಿಂದ ಉಪಯೋಗದ ಮಾತು ನಾಲ್ಕು.

ಮೆಟ್ರೊ ಲೈನ್ 1, ಸ್ಟೇಷನ್ ಹೆಸರೇ ಲಾ ಮೊನೆದಾ. ಬಿಪ್ ಕಾರ್ಡ್ ಅಂತ ಸಿಗುತ್ತದೆ, ಅದಕ್ಕೆ ದುಡ್ಡು ತುಂಬಿಸಿಕೊಳ್ಳಿ, ಬಸ್ಸಿಗೂ ಅದೇ. ಮೇಲೆ ಬಂದರೆ ನೀವು ಅರಮನೆಯ ಹಿಂಬದಿಗೆ, ಅಂದರೆ ಅಲಮೆದಾ ಕಡೆಗೆ ಇರುತ್ತೀರಿ. ತುಂಬಾ ಜನ ಇದೇ ಮುಂಭಾಗ ಅಂದುಕೊಂಡು ಫೋಟೊ ತೆಗೆದುಕೊಂಡು ಹೋಗಿಬಿಡುತ್ತಾರೆ. ಹಳೆಯ ಮುಖ ಇರುವುದು ಉತ್ತರಕ್ಕೆ, ಸಂವಿಧಾನ ಚೌಕದ ಕಡೆ. ಆ ಚೌಕದ ಮೂಲೆಯಲ್ಲಿ ಅಯೆಂದೆ ಪ್ರತಿಮೆ ಇದೆ, 2000ದಲ್ಲಿ ಇಟ್ಟದ್ದು. 2022ರಲ್ಲಿ ಗೇಬ್ರಿಯಲ್ ಬೋರಿಕ್ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡ ದಿನ ಅರಮನೆ ಒಳಗೆ ಹೋಗುವ ಮುಂಚೆ ದಾರಿ ಬಿಟ್ಟು ಹೋಗಿ ಆ ಪ್ರತಿಮೆಗೆ ತಲೆಬಾಗಿ ಬಂದರು. ಅವರೇ 2025ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದಾಗ ಬೆಂಗಳೂರಿಗೂ ಬಂದಿದ್ದರು.

ಕಾವಲು ಬದಲಾವಣೆ ದಿನ ಬಿಟ್ಟು ದಿನ ನಡೆಯುತ್ತದೆ, ಬೆಳಿಗ್ಗೆ ಹೊತ್ತು. ನಿಮ್ಮ ದಿನಕ್ಕೆ ಇದೆಯಾ ಅಂತ ಮುಂಚೆಯೇ ನೋಡಿಕೊಳ್ಳಿ. ಹಸಿರು ಸಮವಸ್ತ್ರದ ಕರಬಿನೇರೊ ಪೊಲೀಸರು, ಕುದುರೆ, ಬ್ಯಾಂಡು. ಅರ್ಧ ಗಂಟೆ. ಬೇಲಿ ಹತ್ತಿರ ಜಾಗ ಬೇಕು ಅಂದರೆ ಇಪ್ಪತ್ತು ನಿಮಿಷ ಮುಂಚೆ ಹೋಗಿ.

ಅಲಮೆದಾ ಕಡೆ ನೆಲದ ಕೆಳಗೆ ಲಾ ಮೊನೆದಾ ಸಾಂಸ್ಕೃತಿಕ ಕೇಂದ್ರ ಇದೆ, 2006ರಲ್ಲಿ ತೆರೆದದ್ದು, ಇಳಿಜಾರಿನಲ್ಲಿ ನಡೆದು ಇಳಿಯಬಹುದು. ಶೌಚಾಲಯ, ಕಾಫಿ, ಕೈಕೆಲಸದ ಸಾಮಾನಿನ ಅಂಗಡಿ ಎಲ್ಲ ಅಲ್ಲೇ. ಮನೆಗೆ ಏನಾದರೂ ತೆಗೆದುಕೊಂಡು ಹೋಗುವುದಾದರೆ ಅಲ್ಲೇ ತೆಗೆದುಕೊಳ್ಳಿ.

ಊಟಕ್ಕೆ ಉಮಿತಾ ಸಿಕ್ಕರೆ ತಿನ್ನಿ. ಹಸಿ ಜೋಳ ರುಬ್ಬಿ ಜೋಳದ ಸಿಪ್ಪೆಯಲ್ಲೇ ಕಟ್ಟಿ ಬೇಯಿಸಿದ್ದು, ನಮ್ಮ ಕಡೆ ಅರಿಶಿನ ಎಲೆಯಲ್ಲಿ ಕಡುಬು ಮಾಡುವ ಹಾಗೆ. ಆದರೆ ಕೆಲವರು ಹಂದಿ ಕೊಬ್ಬು ಹಾಕುತ್ತಾರೆ, ಕೇಳಿಯೇ ತಿನ್ನಿ. ಗಾಡಿಗಳಲ್ಲಿ ಮೊತೆ ಕಾನ್ ಉವೆಸೀಯೊ ಅಂತ ಮಾರುತ್ತಾರೆ, ಒಣಗಿಸಿದ ಪೀಚ್ ಹಣ್ಣು ಬೇಯಿಸಿದ ಸಿಹಿ ನೀರು, ತಳದಲ್ಲಿ ಬೇಯಿಸಿದ ಗೋಧಿ. ಬೇಸಿಗೆಗೆ ಜಾಸ್ತಿ ಹಿತ, ಆದರೂ ಸಿಕ್ಕರೆ ಬಿಡಬೇಡಿ.

ಫೋನ್ ಜೋಪಾನ. ಚೌಕದ ಆಚೆ ರಸ್ತೆ ಬದಿಯ ಮೇಜಿನ ಮೇಲೆ ಫೋನ್ ಇಟ್ಟು ಸಕ್ಕರೆ ಪೊಟ್ಟಣ ಹರಿಯುವಷ್ಟರಲ್ಲಿ ನನ್ನದು ಹೋಯಿತು.

ತುಂಗಾತೀರ

ಅಡಿಕೆಸಿಪ್ಪೆ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸಮಯ ಉಳಿದರೆ ಅಲಮೆದಾ ದಾಟಿ ಲೋಂದ್ರೆಸ್ ರಸ್ತೆಯ 38ನೇ ನಂಬರ್ ಮನೆಗೆ ಹೋಗಿ. ಕಾಲ್ನಡಿಗೆ ದೂರ. ಅರಮನೆಯಿಂದ ಅಷ್ಟು ಹತ್ತಿರದಲ್ಲಿ ಜನರನ್ನು ಕೂಡಿಹಾಕಿ ಹಿಂಸೆ ಕೊಡುತ್ತಿದ್ದ ಮನೆ ಅದು. ಮುಂದೆ ರಸ್ತೆಯ ಕಲ್ಲುಗಳ ನಡುವೆ ಸಣ್ಣ ಸಣ್ಣ ಫಲಕ ಕೂರಿಸಿದ್ದಾರೆ, ಹೆಸರು, ವಯಸ್ಸು. ಬಗ್ಗಿ ಓದಬೇಕು. ಇಪ್ಪತ್ತೆರಡು, ಇಪ್ಪತ್ತನಾಲ್ಕು ವರ್ಷದವರೇ ಜಾಸ್ತಿ.

ನಾನಿದ್ದಾಗ ಅಯೆಂದೆ ಅವರ ಕನ್ನಡಕ ರಾಷ್ಟ್ರೀಯ ಇತಿಹಾಸ ಮ್ಯೂಸಿಯಂನಲ್ಲಿ ನೋಡಿದ್ದೆ, ಅರ್ಧ ಮಾತ್ರ ಉಳಿದಿದೆ. ದಪ್ಪ ಕಪ್ಪು ಫ್ರೇಮು, ಒಂದೇ ಗಾಜು, ಅದೂ ಒಡೆದದ್ದು. ಮ್ಯೂಸಿಯಂ ತೆರೆದಿದೆಯಾ ಅಂತ ನೋಡಿಕೊಂಡು ಹೋಗಿ.

ಬಯಲುಸೀಮೆ

ಬೇರೆ ಊರಿನ ಮಾತು ಅಂತ ಬೈಯಬೇಡಿ. ನಾನು ಎಕ್ವಡಾರ್‌ನ ಕೀಟೊದಲ್ಲಿ ಕರೊಂದೆಲೆತ್ ಅರಮನೆ ನೋಡಿದ್ದೇನೆ. ಅದೂ ಅಧ್ಯಕ್ಷರದ್ದೇ, ಊರ ನಡುವಿನ ಚೌಕದಲ್ಲಿದೆ. ಅದರ ಕೆಳಗಿನ ಕಮಾನುಗಳಲ್ಲಿ ಸಣ್ಣ ಸಣ್ಣ ಅಂಗಡಿಗಳು, ಮೇಲೆ ಸರ್ಕಾರ. 2007ರಲ್ಲಿ ರಫಾಯೆಲ್ ಕೊರೆಯಾ ಅಧ್ಯಕ್ಷರಾಗಿ ಬಂದ ಮೇಲೆ ಜನರಿಗೆ ಒಳಗೆ ಬಿಡುವುದಕ್ಕೆ ಶುರು ಮಾಡಿದರು. ಮೆಟ್ಟಿಲ ಹತ್ತಿರ ಕಲಾವಿದ ಗುವಾಯಸಮೀನ್ ಅವರ ದೊಡ್ಡ ಮೊಸಾಯಿಕ್ ಇದೆ, ಅಮೆಜಾನ್ ನದಿ ಹುಡುಕಿಕೊಂಡು ಹೊರಟವರ ಚಿತ್ರ. ಆದರೆ ನಾನು ಅಲ್ಲಿ ಚಂದ ನೋಡಿ ಬಂದೆ ಅಷ್ಟೇ. ತುಂಗಾತೀರ ಹೇಳಿದ ಬಾಗಿಲಿನಂಥದ್ದು ಅಲ್ಲಿ ನನಗೆ ಯಾರೂ ತೋರಿಸಲಿಲ್ಲ. ಯಾರಾದರೂ ಹೇಳಿದ್ದರೆ ಚೆನ್ನಾಗಿರುತ್ತಿತ್ತು.

ದಾರಿಹೋಕ

ಎಲ್ಲರಿಗೂ ಮತ್ತೆ ನಮಸ್ಕಾರ. ಹೋಗಿ ಬಂದೆ. ಬರೆಯುವುದು ತಡವಾಯಿತು, ಕ್ಷಮಿಸಿ.

ಹೆಸರು ಕೊಟ್ಟ ಹತ್ತು ದಿನಕ್ಕೆ ಒಪ್ಪಿಗೆ ಬಂತು. ಗುಂಪಿನಲ್ಲಿ ಹದಿನೈದು ಜನ, ಬ್ರೆಜಿಲ್‌ನವರು, ಒಂದು ಜರ್ಮನ್ ಜೋಡಿ, ಉಳಿದವರು ಚಿಲಿಯ ದಕ್ಷಿಣದ ಯಾವುದೋ ಊರಿನಿಂದ ಬಂದ ಮೇಷ್ಟರುಗಳು. ಇಂಗ್ಲಿಷ್ ಗುಂಪು ಅವತ್ತು ಇರಲಿಲ್ಲ. ಗೈಡ್ ಸ್ಪ್ಯಾನಿಷ್‌ನಲ್ಲಿ ಹೇಳಿದ ಮೇಲೆ ನಮಗೆ ಎರಡೆರಡು ಸಾಲು ಇಂಗ್ಲಿಷ್‌ನಲ್ಲಿ ಹೇಳುತ್ತಿದ್ದರು. ನೀವೆಲ್ಲ ಬರೆದದ್ದು ಓದಿಕೊಂಡು ಹೋಗಿದ್ದರಿಂದ ನನಗೆ ಅಷ್ಟೇ ಸಾಕಾಯಿತು. ಗುಬ್ಬಿಗೂಡು ಅವರೇ, ಕಿಟಕಿಯ ಹತ್ತಿರ ಕೈ ಚಾಚಿ ನೋಡಿದೆ. ಬೆರಳ ತುದಿ ಹೊರಗಿನ ಅಂಚಿಗೆ ಮುಟ್ಟಲಿಲ್ಲ. ಕಲ್ಲು ತಣ್ಣಗೆ ಕೊರೆಯುತ್ತಿತ್ತು.

ಮೊರಾಂದೆ ರಸ್ತೆಗೆ ಒಬ್ಬನೇ ಹೋದೆ. ಮೊದಲು ಬಾಗಿಲು ದಾಟಿ ಮುಂದೆ ಹೋಗಿಬಿಟ್ಟಿದ್ದೆ, ಅಷ್ಟು ಮಾಮೂಲಾಗಿದೆ. ವಾಪಸ್ ಬಂದು ನಂಬರ್ ನೋಡಿದ ಮೇಲೆ ಇದೇ ಅಂತ ಗೊತ್ತಾಯಿತು. ಪಕ್ಕದಲ್ಲಿ ಪೊಲೀಸರು ಒಬ್ಬರು ನಿಂತಿದ್ದರು. ಫೋಟೊ ತೆಗೆಯಬಹುದಾ ಅಂತ ಸನ್ನೆ ಮಾಡಿದೆ, ತಲೆ ಅಲ್ಲಾಡಿಸಿ ಎರಡು ಹೆಜ್ಜೆ ಪಕ್ಕಕ್ಕೆ ಸರಿದರು. ಎದುರು ಫುಟ್‌ಪಾತ್ ಮೇಲೆ ಹೆಚ್ಚುಕಮ್ಮಿ ಇಪ್ಪತ್ತು ನಿಮಿಷ ನಿಂತಿದ್ದೆ. ಆಫೀಸಿಗೆ ಹೋಗುವವರು ಹೋಗುತ್ತಲೇ ಇದ್ದರು. ನಾನು ನಿಂತದ್ದು ನೋಡಿ ಒಬ್ಬ ಹೆಂಗಸು ತಾನೂ ಒಂದು ಗಳಿಗೆ ನಿಂತು ಬಾಗಿಲು ನೋಡಿದರು, ನನ್ನ ಕಡೆ ನೋಡಿ ಏನೋ ಅಂದರು. ನನಗೆ ಅರ್ಥವಾದದ್ದು "ಗ್ರಾಸಿಯಾಸ್" ಒಂದೇ ಪದ, ಅಂದರೆ ಧನ್ಯವಾದ.

ಗುಡ್ಡಕ್ಕೂ ಹೋದೆ ಹಳೇಪೇಟೆ ಸರ್, ಹಿಮ ಚೆನ್ನಾಗಿ ಕಂಡಿತು. ಆದರೆ ಲೋಂದ್ರೆಸ್ 38 ನೋಡಿದ ಮೇಲೆ ಹೋದದ್ದರಿಂದ ಮನಸ್ಸು ಅಲ್ಲಿರಲಿಲ್ಲ. ಮುಂದೆ ಹೋಗುವವರು ಗುಡ್ಡ ಮೊದಲು ಇಟ್ಟುಕೊಳ್ಳಿ.

ತುಂಗಾತೀರ

ತುಂಬಾ ಸಂತೋಷ ಆಯಿತು ಓದಿ. ನಾನು ಬಿಟ್ಟು ಬಂದು ಆರು ವರ್ಷ ಆಯಿತು. ಕಿತ್ತಳೆ ಮರದಲ್ಲಿ ಹಣ್ಣಿತ್ತಾ?

ದಾರಿಹೋಕ

ಇತ್ತು. ಒಂದು ಕೆಳಗೆ ಬಿದ್ದು ಉರುಳಿತ್ತು. ಗೈಡ್ ಮಾತಾಡುತ್ತಲೇ ಬಗ್ಗಿ ಅದನ್ನು ಎತ್ತಿ ಕಾರಂಜಿಯ ಕಟ್ಟೆ ಮೇಲೆ ಇಟ್ಟರು. ಅಲ್ಲಿ ಆಗಲೇ ಇನ್ನೆರಡು ಇದ್ದವು.